ಗಾಡಿ ಮಾತು: ಹೆದ್ದಾರಿ ಬಿಟ್ಟು ಜೋಗಕ್ಕೆ

ಪ್ರಶ್ನೆ: ನಾನು ಹಾಸನದವನು. ಸಂಕ್ರಾಂತಿ ರಜೆಗೆ ಗೆಳೆಯನ ಜೊತೆ ಬೈಕಿನಲ್ಲಿ ಜೋಗಕ್ಕೆ ಹೋಗಿಬರುವ ಆಸೆ. ಹೆದ್ದಾರಿ ಬೇಡ, ಗದ್ದಲವಿಲ್ಲದ ಒಳದಾರಿಗಳೇ ಬೇಕು. ನಾಲ್ಕು ದಿನ ಸಿಗುತ್ತದೆ. ಅವನದು ಬುಲೆಟ್ 350, ನನ್ನದು ಸ್ಪ್ಲೆಂಡರ್. ನನ್ನ ಗಾಡಿ ತಡೆಯುತ್ತಾ? ಯಾವ ದಾರಿ ಹಿಡಿಯಲಿ?

ಉತ್ತರ: ಗಾಡಿ ಧಾರಾಳವಾಗಿ ತಡೆಯುತ್ತದೆ, ಆ ಚಿಂತೆ ಬಿಡಿ. ಮಲೆನಾಡಿನ ತಿರುವುಗಳಲ್ಲಿ 40ರ ಮೇಲೆ ಓಡಿಸುವ ಜಾಗವೇ ಕಡಿಮೆ. ಅಲ್ಲಿ ಅವನ 350 ಸಿಸಿಗೂ ನಿಮ್ಮ 97 ಸಿಸಿಗೂ ಅಂಥಾ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾದರೆ ಏರಿನಲ್ಲಿ, ಅದೂ ಲಗೇಜು ಜಾಸ್ತಿ ಹೇರಿದ್ದರೆ ಮಾತ್ರ. ಇನ್ನೊಂದು ತಮಾಷೆ ಕೇಳಿ. ಬುಲೆಟ್ ಟ್ಯಾಂಕಿಗೆ 13 ಲೀಟರ್ ಹಿಡಿದರೂ ಲೀಟರಿಗೆ 35ರ ಲೆಕ್ಕದಲ್ಲಿ ನಾನೂರೈವತ್ತು ಕಿಲೋಮೀಟರ್ ಹೋಗಬಹುದು, ನಿಮ್ಮದು ಹತ್ತು ಲೀಟರಿಗೂ ಕಡಿಮೆ ಕುಡಿದು ಅದಕ್ಕಿಂತ ದೂರ ಓಡುತ್ತದೆ. ಪೆಟ್ರೋಲ್ ಬಂಕ್ ಹುಡುಕುವ ತಲೆನೋವು ಅವನದು.

ದಾರಿಗೆ ಬರೋಣ. ಬೇಲೂರು ರಸ್ತೆಯಲ್ಲಿ ಹೊರಟು ದೊಡ್ಡಗದ್ದವಳ್ಳಿಗೆ ತಿರುಗಿ. ತೆಂಗಿನ ತೋಟ, ಕೆರೆ, ಪಕ್ಕದಲ್ಲೇ ನಾಲ್ಕು ಗರ್ಭಗುಡಿಗಳ ಹೊಯ್ಸಳ ದೇವಸ್ಥಾನ, ಹಳೇಬೀಡಿನ ಜನಸಂದಣಿ ಅಲ್ಲಿಲ್ಲ. ಆಮೇಲೆ ಹಳೇಬೀಡು, ಬೆಳವಾಡಿ, ಚಿಕ್ಕಮಗಳೂರು. ಬೆಳವಾಡಿಯ ವೀರನಾರಾಯಣ ದೇವಸ್ಥಾನ ಹಳೇಬೀಡಿಗೆ ಹತ್ತಿರವೇ ಇದ್ದರೂ ಅಲ್ಲಿಗೆ ಬಂದವರು ಬಹಳಷ್ಟು ಜನ ಇಲ್ಲಿಗೆ ಬರದೆ ವಾಪಸ್ ಹೋಗುತ್ತಾರೆ, ಯಾಕೋ ಗೊತ್ತಿಲ್ಲ. ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು, ಜಯಪುರ, ಕೊಪ್ಪ. ಮೊದಲ ರಾತ್ರಿ ಬಾಳೆಹೊನ್ನೂರು ಇಲ್ಲವೇ ಕೊಪ್ಪದಲ್ಲಿ ಉಳಿಯಿರಿ. ಮಾರನೇ ದಿನ ಕುಪ್ಪಳಿ ನೋಡಿಕೊಂಡು ತೀರ್ಥಹಳ್ಳಿ, ಹೊಸನಗರ, ಬಟ್ಟೆಮಲ್ಲಪ್ಪ, ಸಾಗರ, ಜೋಗ. ಒಂದು ಕಡೆಗೆ ಸುಮಾರು 300 ಕಿಲೋಮೀಟರ್.

ಇಷ್ಟೇನಾ, ಒಂದೇ ದಿನಕ್ಕೆ ಮುಗಿಸಬಹುದಲ್ಲ ಅಂತ ನಿಮ್ಮ ಗೆಳೆಯ ಹೇಳಿಯೇ ಹೇಳುತ್ತಾನೆ. ಮುಗಿಸಬಹುದು. ಆದರೆ ಹಾಗೆ ಮುಗಿಸುವುದಕ್ಕೆ ಹೆದ್ದಾರಿ ಯಾಕೆ ಬಿಡಬೇಕು ಹೇಳಿ? ಒಳದಾರಿಯಲ್ಲಿ ಗುಂಡಿ, ಹಂಪ್, ದನ, ತಿರುವಿನಲ್ಲಿ ಇಡೀ ರಸ್ತೆ ತುಂಬಿಕೊಂಡು ಬರುವ ಬಸ್ಸು, ಕಾಫಿ ಕೊಯ್ಲಿನ ಕಾಲಕ್ಕೆ ಆಳುಗಳನ್ನು ತುಂಬಿಕೊಂಡ ಪಿಕಪ್ಪು, ಇವೆಲ್ಲ ಸೇರಿ ಗಂಟೆಗೆ ಮೂವತ್ತು ಸರಾಸರಿ ಬಂದರೆ ಚೆನ್ನಾಗಿ ಓಡಿಸಿದ್ದೀರಿ ಎಂದೇ ಅರ್ಥ. ದಿನಕ್ಕೆ ನೂರೈವತ್ತು ಸಾಕು. ನಡುವೆ ಎಲ್ಲೋ ಅಕ್ಕಿರೊಟ್ಟಿ ವಾಸನೆ ಬಂದರೆ ನಿಲ್ಲಿಸುವಷ್ಟು ಪುರುಸೊತ್ತು ಇರಬೇಕು.

ಟ್ಯೂಬಿನ ವಿಷಯ ಮರೆಯಬೇಡಿ. ಸ್ಪೋಕ್ ಚಕ್ರದ ಬುಲೆಟ್ಟಿಗೆ ಟ್ಯೂಬ್ ಇರುತ್ತದೆ, ಮುಂದಿನದು 19 ಇಂಚು, ಹಿಂದಿನದು 18. ನಿಮ್ಮದು ಎರಡೂ 18, ಆದರೆ ಟೈರು ಸಣ್ಣದು. ಅವನ ಟ್ಯೂಬ್ ನಿಮಗಾಗಲ್ಲ, ನಿಮ್ಮದು ಅವನಿಗಾಗಲ್ಲ. ಒಂದು ಕ್ಲಚ್ ವೈರ್ ಇಟ್ಟುಕೊಳ್ಳಿ, ಹೊರಡುವ ಮುಂಚೆ ಚೈನಿಗೆ ಎಣ್ಣೆ ಹಾಕಿ.

ಜೋಗದ ಬಗ್ಗೆ ಒಂದು ಮಾತು. ಸಂಕ್ರಾಂತಿ ಹೊತ್ತಿಗೆ ನೀರು ಇಳಿದಿರುತ್ತದೆ. ಧೋ ಎಂದು ಸುರಿಯುವ ಜೋಗ ಬೇಕಿದ್ದರೆ ಮಳೆಗಾಲಕ್ಕೇ ಹೋಗಬೇಕು, ಆಗ ಈ ದಾರಿಗಳೆಲ್ಲ ಕೆಸರು, ಜಾರು. ನೀವು ಕೇಳಿರುವುದು ದಾರಿ. ಸಂಕ್ರಾಂತಿಗೇ ಹೊರಡಿ.

ಪ್ರಶ್ನೆ: ನಾವಿಬ್ಬರೂ ಚಿಕ್ಕಮಗಳೂರಿನವರು, ಬೈಕಿನಲ್ಲಿ ತುಂಬಾ ಸುತ್ತುತ್ತೇವೆ. ಗೆಳೆಯ ಯಾವಾಗಲೂ ಮುಂದೆ ಓಡಿಬಿಡುತ್ತಾನೆ. ಹೇಳಿದರೆ ಮುಖ ಊದಿಸಿಕೊಳ್ಳುತ್ತಾನೆ. ಏನು ಮಾಡಲಿ?

ಉತ್ತರ: ನಿಧಾನ ಇರುವವರು ಮುಂದೆ ಹೋಗಬೇಕು, ಅಷ್ಟೇ. ಅದಕ್ಕೆ ಒಪ್ಪದಿದ್ದರೆ ಇನ್ನೊಂದು ಕರಾರು ಮಾಡಿಕೊಳ್ಳಿ: ಮುಂದೆ ಹೋದವನು ಪ್ರತಿ ಕವಲಿನಲ್ಲೂ ನಿಲ್ಲಬೇಕು, ಹಿಂದಿನವನ ಹೆಡ್‌ಲೈಟ್ ಕಣ್ಣಿಗೆ ಬಿದ್ದ ಮೇಲೆಯೇ ಹೊರಡಬೇಕು. ಫೋನ್ ಮಾಡಿ ಹುಡುಕೋಣ ಎಂದರೆ ಆಲ್ದೂರು ದಾಟಿದ ಮೇಲೆ ಎಷ್ಟೋ ಕಡೆ ಸಿಗ್ನಲ್ಲೇ ಇರುವುದಿಲ್ಲ. ದುಡ್ಡಿನದೂ ಮೊದಲೇ ಮಾತಾಡಿ. ಇಬ್ಬರೂ ಒಂದಿಷ್ಟು ಹಾಕಿ ಒಂದೇ ಪರ್ಸಿನಿಂದ ಊಟ, ರೂಮು ನೋಡಿಕೊಳ್ಳಿ, ಪೆಟ್ರೋಲ್ ಅವರವರದು. ನನ್ನ ಅಂದಾಜಿನಲ್ಲಿ ದೂರದ ಬೈಕ್ ಪ್ರಯಾಣಗಳು ಎಂಜಿನ್ ಕೆಟ್ಟು ಹಾಳಾಗುವುದಕ್ಕಿಂತ ವೇಗ ಮತ್ತು ದುಡ್ಡಿಗೆ ಮುನಿಸಿಕೊಂಡು ಹಾಳಾಗುವುದೇ ಜಾಸ್ತಿ. ಇಷ್ಟಾದರೂ ಅವನು ಕೇಳಲ್ಲ ಎಂದರೆ ಊರಲ್ಲಿ ಗೆಳೆಯನಾಗಿರಲಿ, ರಸ್ತೆಗೆ ಬೇರೆಯವರನ್ನು ಹುಡುಕಿ.

ಪ್ರಶ್ನೆ: ಮಗ ಮತ್ತು ಅವನ ಸ್ನೇಹಿತ ಒಂದೇ ಬೈಕಿನಲ್ಲಿ ಕಳಸ, ಕುದುರೆಮುಖ, ಕಾರ್ಕಳ ಅಂತ ಹೊರಟಿದ್ದಾರೆ. ಬೇಡ ಅಂದರೆ ಕೇಳುತ್ತಿಲ್ಲ. ನನಗೆ ನಿದ್ದೆ ಬರುತ್ತಿಲ್ಲ. (ಕಡೂರಿನ ಒಬ್ಬ ತಾಯಿ)

ಉತ್ತರ: ಬೇಡ ಅನ್ನಬೇಡಿ ಅಮ್ಮ, ಅಂದರೆ ನಿಮಗೆ ಹೇಳದೆ ಹೋಗುತ್ತಾರೆ. ಬದಲಿಗೆ ಎರಡು ಷರತ್ತು ಹಾಕಿ. ಒಂದು, ಹೆಲ್ಮೆಟ್ ಇಬ್ಬರಿಗೂ ಬೇಕು, ಹಿಂದೆ ಕೂರುವವನಿಗೂ ಕಾನೂನಿನಲ್ಲಿ ಕಡ್ಡಾಯ. ಐಎಸ್‌ಐ ಗುರುತು ಇರಬೇಕು, ಪಟ್ಟಿ ಬಿಗಿದಿರಬೇಕು. ಎರಡು, ಸಂಜೆ ಆರಕ್ಕೆ ಗಾಡಿ ನಿಂತಿರಬೇಕು. ಮೂಡಿಗೆರೆ, ಆಲ್ದೂರು ಕಡೆ ಆನೆ ಕಾಟ ಇದೆ, ಮಬ್ಬಾದ ಮೇಲೆ ತಿರುವಿನಾಚೆ ಏನಿದೆ ಎಂದು ಕಾಣುವುದಿಲ್ಲ. ಆನೆ ಕಂಡರೆ ಹಾರ್ನ್ ಹೊಡೆಯದೆ, ಫೋಟೋಗೆ ನಿಲ್ಲದೆ, ಬಂದ ದಾರಿಗೇ ತಿರುಗಬೇಕು. ಕಳಸ ಬಿಟ್ಟ ಮೇಲೆ ರಾಷ್ಟ್ರೀಯ ಉದ್ಯಾನದೊಳಗೆ ತುಂಬಾ ಹೊತ್ತು ಫೋನ್ ಸಿಗುವುದಿಲ್ಲ, ಗಾಬರಿಯಾಗಬೇಡಿ. ಕಳಸದಿಂದ ಒಂದು ಫೋನ್, ಕಾರ್ಕಳದಿಂದ ಒಂದು ಫೋನ್ ಮಾಡಬೇಕು ಅಂತ ಮಾತು ತಗೊಳ್ಳಿ. ನಡುವೆ ನೀವಾಗಿ ಮಾಡಬೇಡಿ, ಓಡಿಸುತ್ತಾ ಫೋನ್ ಎತ್ತಲು ಹೋಗುತ್ತಾರೆ.

ಪ್ರಶ್ನೆ: ಜಾವಗಲ್ ಕಡೆ ರಸ್ತೆ ಮೇಲೆಯೇ ಹುರುಳಿ, ರಾಗಿ ಹುಲ್ಲು ಹರಡಿರುತ್ತಾರೆ. ಬೈಕಿನವರು ಏನು ಮಾಡಬೇಕು? ರೈತರಿಗೆ ಹೇಳುವವರು ಯಾರೂ ಇಲ್ವಾ?

ಉತ್ತರ: ಹೇಳುವವರು ಇದ್ದಾರೆ, ಪೊಲೀಸರೂ ಆಗಾಗ ಹೇಳುತ್ತಾರೆ. ಆದರೆ ಸಗಣಿ ಸಾರಿಸಿ ಕಣ ಮಾಡುವುದಕ್ಕೆ ಆಳಿಲ್ಲ, ರೋಣಗಲ್ಲು ಎಳೆಯುವುದಕ್ಕೆ ಎತ್ತಿಲ್ಲ, ಡಾಂಬರು ರಸ್ತೆಗೆ ಹಾಕಿದರೆ ನಿಮ್ಮ ಚಕ್ರವೇ ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತದೆ. ಅವರ ಕಷ್ಟವೂ ಸುಳ್ಳಲ್ಲ, ನೀವು ಬೀಳುವುದೂ ಸುಳ್ಳಲ್ಲ.

ರಾಗಿ ಹುಲ್ಲು ಬರೀ ಜಾರುತ್ತದೆ. ಹುರುಳಿ ಬಳ್ಳಿ ಹಾಗಲ್ಲ, ಅದು ಸುತ್ತಿಕೊಳ್ಳುತ್ತದೆ. ಹಿಂದಿನ ಚಕ್ರದ ಹಬ್ಬಿಗೆ ಒಂದು ಎಳೆ ಸಿಕ್ಕಿದರೆ ಸಾಕು, ಹತ್ತು ಮಾರು ಹೋಗುವಷ್ಟರಲ್ಲಿ ಚೈನು, ಸ್ಪ್ರಾಕೆಟ್ ನಡುವೆ ಹಗ್ಗ ಹೊಸೆದ ಹಾಗೆ ಬಿಗಿದು ಚಕ್ರ ಕಟ್ಟಿಹಾಕಿಬಿಡುತ್ತದೆ. ಆದಷ್ಟು ಅಂಚಿನ ಮಣ್ಣಿನಲ್ಲಿ ಹೋಗಿ. ದಾರಿಯೇ ಇಲ್ಲದಿದ್ದರೆ ಮೊದಲನೇ ಗೇರಿಗೆ ಇಳಿಸಿ, ಕಾಲು ಎರಡೂ ಕೆಳಗೆ ಬಿಟ್ಟು, ಮುಂದಿನ ಬ್ರೇಕ್ ಮುಟ್ಟದೆ ನೇರ ದಾಟಿ. ದಾಟಿದ ಮೇಲೆ ನಿಲ್ಲಿಸಿ ಚೈನು ಮತ್ತು ಸೈಲೆನ್ಸರ್ ಹತ್ತಿರ ಬಗ್ಗಿ ನೋಡಿ, ಕಾದ ಸೈಲೆನ್ಸರಿಗೆ ಅಂಟಿದ ಒಣ ಹುಲ್ಲು ಹೊತ್ತಿಕೊಳ್ಳಬಹುದು. ಬಳ್ಳಿ ಸುತ್ತಿದ್ದರೆ ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ಕೊಯ್ದು ತೆಗೆಯಿರಿ. ಎಂಜಿನ್ ಓಡುತ್ತಿರುವಾಗ ಅಲ್ಲಿಗೆ ಬೆರಳು ಹಾಕಬೇಡಿ. ಕೊಯ್ಯಲು ಚಾಕು ಇಲ್ಲದಿದ್ದರೆ ಹುಲ್ಲು ಹರಡಿದವರನ್ನೇ ಕೇಳಿ, ಕುಡುಗೋಲು ಅವರ ಕೈಯಲ್ಲೇ ಇರುತ್ತದೆ.