ಕಿಡ್ನಿ ಊದಿರುವುದು ಹೊಟ್ಟೆಯೊಳಗಿನ ಮಗುವಿಗೆ, ಕೋಡ್ ಯಾಕೆ ಅಮ್ಮನ ಬಿಲ್‌ನಲ್ಲಿ?

ತಪ್ಪೇನೂ ಆಗಿಲ್ಲ. ಕಾಯಿಲೆಗಳಿಗೆ ಕೋಡ್ ಕೊಡಲು ಅಮೆರಿಕದ ಆಸ್ಪತ್ರೆಗಳು ಬಳಸುವ ಐಸಿಡಿ-10-ಸಿಎಂ ಪದ್ಧತಿಯಲ್ಲಿ ಹುಟ್ಟುವ ತನಕ ಮಗುವಿಗೆ ಬೇರೆ ಫೈಲೇ ಇರುವುದಿಲ್ಲ. ಆರೈಕೆ ನಡೆಯುತ್ತಿರುವುದು ತಾಯಿಗೆ, ಅಲ್ವಾ? ಹಾಗಾಗಿ ಬಸಿರಿಗೆ ಮೀಸಲಾದ ‘ಓ’ ಅಕ್ಷರದ ಕೋಡ್ ಬರುತ್ತದೆ: ಓ35.ಇಎಕ್ಸ್‌ಎಕ್ಸ್0. ಹೊಟ್ಟೆಯಲ್ಲಿರುವ ಮಗುವಿನ ಮೂತ್ರಾಂಗ ಅಥವಾ ಜನನಾಂಗದಲ್ಲಿ ದೋಷವಿದೆ, ಇಲ್ಲವೇ ಅನುಮಾನವಿದೆ, ಅದಕ್ಕಾಗಿ ತಾಯಿಯ ಆರೈಕೆ ಎಂದು ಇದರರ್ಥ. ‘ದೋಷ’ ಅನ್ನುವ ಪದ ನೋಡಿ ಗಾಬರಿಯಾಗಬೇಡಿ. ಸಣ್ಣ ಊತ ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ, ಅನುಮಾನಕ್ಕೂ ಇದೇ ಕೋಡ್.

ಎರಡು ಎಕ್ಸ್ ಸುಮ್ನೆ ಜಾಗ ತುಂಬುವುದಕ್ಕೆ. ಕೊನೆಯ 0 ಅಂದರೆ ಹೊಟ್ಟೆಯಲ್ಲಿ ಒಂದೇ ಮಗು, ಇಲ್ಲವೇ ಯಾವ ಮಗು ಎಂದು ಗೊತ್ತುಮಾಡಿಲ್ಲ. ಅವಳಿಯಾದರೆ ತೊಂದರೆ ಯಾವ ಮಗುವಿಗೆ ಎಂದು ತಿಳಿಸಲು ಅಲ್ಲಿ 1 ಅಥವಾ 2 ಬರೆಯುತ್ತಾರೆ.

2022ರ ಅಕ್ಟೋಬರ್‌ಗೆ ಮುಂಚೆ ಈ ಕೋಡ್ ಇರಲಿಲ್ಲ. ಕಿಡ್ನಿಯಾಗಲಿ, ಹೃದಯವಾಗಲಿ, ಎರಡನ್ನೂ ಓ35.8 ಅನ್ನುವ ‘ಇತರೆ’ ಡಬ್ಬಕ್ಕೇ ಹಾಕುತ್ತಿದ್ದರು. ಹಳೆಯ ಬಿಲ್‌ನಲ್ಲಿ ಅದು ಕಂಡರೆ ಅಚ್ಚರಿಯಿಲ್ಲ.

ಹುಟ್ಟಿದ ಮೇಲೂ ಮೂತ್ರ ಕಟ್ಟಿಕೊಂಡು ಕಿಡ್ನಿ ಊದಿಕೊಂಡೇ ಇದ್ದರೆ, ಆಗ ಮಗುವಿನ ಸ್ವಂತ ಫೈಲಿಗೆ ಕ್ಯೂ62.0 ಬರುತ್ತದೆ.