ಓದುಗರ ಪ್ರಶ್ನೆ: ಆ್ಯಪ್ ಮೆನುವಿಗೆ ಐಕಾನ್ ಒಂದೇ ಸಾಕೇ?

ಪ್ರಶ್ನೆ: ನಮ್ಮ ಸಂಘದ ಆ್ಯಪ್‌ನಲ್ಲಿ ಕೆಳಗಿನ ಮೆನು ಬರೀ ಐಕಾನ್‌ಗಳದ್ದು. ಹಿರಿಯರು ಕನ್ನಡ ಓದುತ್ತಾರೆ. ಇಲ್ಲಿ ಮಹಾರಾಷ್ಟ್ರದಲ್ಲೇ ಬೆಳೆದ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅದಕ್ಕೇ ಅಕ್ಷರ ಬಿಟ್ಟು ಚಿತ್ರ ಇಟ್ಟೆವು. ಈಗ ಎಲ್ಲರೂ ‘ಎಲ್ಲಿ ಒತ್ತಬೇಕು’ ಎಂದು ಫೋನ್ ಮಾಡುತ್ತಾರೆ.
– ಡೊಂಬಿವಲಿಯ ಓದುಗರು

ಉತ್ತರ: ಪ್ರತಿ ಐಕಾನ್ ಕೆಳಗೂ ಹೆಸರು ಹಾಕಿ. ಲಿಪಿ ಬಾರದವರಿಗೆ ಬೇಕಿರುವುದು ಭಾಷೆ ಬದಲಿಸುವ ಗುಂಡಿ, ಐಕಾನ್ ಅಲ್ಲ.

ಭೂತಗನ್ನಡಿ ಎಂದರೆ ಹುಡುಕಾಟ, ಮನೆ ಎಂದರೆ ಮೊದಲ ಪುಟ ಎಂಬುದು ಹೆಚ್ಚಿನವರಿಗೆ ರೂಢಿಯಾಗಿದೆ. ಗಂಟೆ, ನಕ್ಷತ್ರ, ಹೃದಯ ಹಾಗಲ್ಲ. ಗಣೇಶೋತ್ಸವದ ಪೂಜೆಗೆ ಹೆಸರು ಬರೆಸುವ ಆ್ಯಪ್‌ನಲ್ಲಿ ಗಂಟೆ ಕಂಡರೆ ‘ಸೂಚನೆಗಳು’ ಎನ್ನುವುದಕ್ಕಿಂತ ಮೊದಲು ಪೂಜೆಯೇ ನೆನಪಾಗುತ್ತದೆ. ದೇಣಿಗೆಗೆಂದು ಅಂಗೈ ಮೇಲೆ ಹೃದಯ ಇಟ್ಟರೆ ಆರೋಗ್ಯ ಶಿಬಿರ ಎಂದುಕೊಳ್ಳುವವರೂ ಇದ್ದಾರೆ. ಮೂರು ಗೆರೆಯ ಚಿಹ್ನೆಯನ್ನು ನಾರ್ಮ್ ಕಾಕ್ಸ್ ರೂಪಿಸಿದ್ದು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ. ಅಷ್ಟು ಹಳೆಯದಾದರೂ ಪಕ್ಕದಲ್ಲಿ ‘ಮೆನು’ ಎಂದು ಬರೆಯುವುದೇ ಕ್ಷೇಮ.

ಇನ್ನು ಕನ್ನಡದ ಹೆಸರು ಕೂರಿಸುವ ಕೆಲಸ. ಇಲ್ಲಿಯೇ ಹೆಚ್ಚು ಕೆಡುವುದು. 360 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಅಗಲದ ಫೋನಿನಲ್ಲಿ ಐದು ಗುಂಡಿ ಇಟ್ಟರೆ ಒಂದಕ್ಕೆ ಸಿಗುವುದು 72 ಡಿಪಿ. ‘ಕಾರ್ಯಕ್ರಮಗಳು’ ಅದರಲ್ಲಿ ಹಿಡಿಸುವುದು ಕಷ್ಟ, ‘ಕಾರ್ಯಕ್ರ…’ ಎಂದು ನಿಲ್ಲುತ್ತದೆ. ನಾಲ್ಕೇ ಇಡಿ, ತಲಾ 90 ಡಿಪಿ ಸಿಗುತ್ತದೆ. ಹೆಸರೂ ಚಿಕ್ಕದಿರಲಿ: ಸಭೆ, ಪುಸ್ತಕ, ದೇಣಿಗೆ, ಸದಸ್ಯರು. ಇಂಗ್ಲಿಷಿಗೆಂದು ಮಾಡಿದ 12 ಎಸ್‌ಪಿ (ಅಕ್ಷರದ ಗಾತ್ರದ ಮಾನ) ಅಕ್ಷರ, 16ರ ಸಾಲಿನ ಎತ್ತರ ಕನ್ನಡಕ್ಕೆ ಬಿಗಿ. ಕೆಳಗಿನ ಒತ್ತಕ್ಷರ ಕತ್ತರಿಸಿ ‘ಪುಸ್ತಕ’ ‘ಪುಸಕ’ ಆಗಬಹುದು. ಸಾಲಿನ ಎತ್ತರ 20ಕ್ಕೆ ಏರಿಸಿ. ಮೆನು ಪಟ್ಟಿಯ ಎತ್ತರವನ್ನು 56 ಡಿಪಿ ಎಂದು ಕಟ್ಟಿಹಾಕಬೇಡಿ, ಕನಿಷ್ಠ ಎತ್ತರವಾಗಿ ಕೊಡಿ. ಹಿರಿಯರಲ್ಲಿ ಅನೇಕರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಚಿತ್ರ 24 ಡಿಪಿ ಇದ್ದರೂ ಬೆರಳು ಒತ್ತುವ ಜಾಗ 48 ಡಿಪಿಗಿಂತ ಕಡಿಮೆ ಬೇಡ.

ಭಾಷೆಯ ಗುಂಡಿಯನ್ನು ಸೆಟ್ಟಿಂಗ್ಸ್ ಒಳಗೆ ಹೂತುಹಾಕದೆ ಮೊದಲ ಪುಟದ ಮೇಲ್ತುದಿಯಲ್ಲೇ ಇಡಿ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರ ಹೆಸರೂ ಅವವುಗಳ ಲಿಪಿಯಲ್ಲೇ ಇರಬೇಕು. ಧ್ವಜದ ಐಕಾನ್ ಬೇಡ; ಧ್ವಜ ದೇಶದ್ದು, ಭಾಷೆಯದಲ್ಲ.

ಬಿಡುಗಡೆಗೆ ಮೊದಲು ಐಕಾನ್‌ಗಳನ್ನಷ್ಟೇ ಕಾಗದಕ್ಕೆ ಮುದ್ರಿಸಿ ಐದಾರು ಸದಸ್ಯರಿಗೆ ತೋರಿಸಿ, ‘ಇದನ್ನು ಒತ್ತಿದರೆ ಏನು ಬರಬಹುದು?’ ಎಂದು ಕೇಳಿ. ‘ಇದು ಗೊತ್ತಾಯಿತೇ?’ ಎಂದರೆ ಸಂಕೋಚಕ್ಕೆ ಹೂಂ ಎಂದುಬಿಡುತ್ತಾರೆ. ಇಬ್ಬರು ಬೇರೆ ಉತ್ತರ ಕೊಟ್ಟರೂ ಆ ಚಿತ್ರ ಬದಲಿಸಿ.

ಪ್ರಶ್ನೆ: ವೆಬ್‌ಸೈಟಿನ ಐಕಾನ್ ಮೆನುವನ್ನು ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬರೀ ‘ಬಟನ್, ಬಟನ್’ ಎಂದು ಓದುತ್ತದೆ. ಬಟನ್‌ನ ಕೋಡ್‌ನಲ್ಲಿ ಟೈಟಲ್ ಕೊಟ್ಟರೆ ಸಾಕೇ?
– ಪುಣೆಯ ಓದುಗರು

ಉತ್ತರ: ಸಾಲದು. ಟೈಟಲ್‌ನ ಪುಟ್ಟ ಟಿಪ್ಪಣಿ ಮೌಸ್ ಇಟ್ಟರೆ ಕಾಣುತ್ತದೆ, ಬೆರಳಿಗೆ ಕಾಣುವುದಿಲ್ಲ. ಬಟನ್ ಒಳಗೇ ಕಾಣುವ ಹೆಸರು ಬರೆದರೆ ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ, ಬೇರೆ ಲೇಬಲ್ ಬೇಕಿಲ್ಲ. ಜಾಗವೇ ಇಲ್ಲದ ಕಡೆ ಮಾತ್ರ ಬಟನ್‌ಗೆ ಏರಿಯಾ-ಲೇಬಲ್ (ಕಾಣದ, ಸ್ಕ್ರೀನ್ ರೀಡರ್ ಮಾತ್ರ ಓದುವ ಹೆಸರು) ಕೊಡಿ. ಎರಡೂ ಸಂದರ್ಭದಲ್ಲಿ ಒಳಗಿನ ಎಸ್‌ವಿಜಿಗೆ, ಅಂದರೆ ಐಕಾನ್ ಚಿತ್ರಕ್ಕೆ, ಸ್ಕ್ರೀನ್ ರೀಡರ್ ಅದನ್ನು ಓದದಂತೆ ಏರಿಯಾ-ಹಿಡನ್ ಹಾಕಿ. ಲೇಬಲ್‌ನಲ್ಲಿ ‘ಭೂತಗನ್ನಡಿ’ ಎಂದಲ್ಲ, ‘ಹುಡುಕಿ’ ಎಂದಿರಲಿ. ಪುಟದ ಭಾಷೆ ಯಾವುದೆಂದು ಹೇಳುವ ಲ್ಯಾಂಗ್ ಗುಣವನ್ನು ಕನ್ನಡಕ್ಕೆ ಬದಲಿಸುವುದು ಮರೆತುಹೋಗುವ ಹೆಜ್ಜೆ. ಅದು ಇಂಗ್ಲಿಷಿನಲ್ಲೇ ಉಳಿದರೆ ಕನ್ನಡ ಪದಗಳನ್ನು ಇಂಗ್ಲಿಷ್ ಧ್ವನಿ ತಪ್ಪಾಗಿ ಓದಬಹುದು ಅಥವಾ ಬಿಟ್ಟೇಬಿಡಬಹುದು.

ಪ್ರಶ್ನೆ: ನಮ್ಮ ಆ್ಯಪ್‌ನ ಬೂದು ಐಕಾನ್‌ಗಳು ಬಿಸಿಲಲ್ಲಿ ಕಾಣುವುದೇ ಇಲ್ಲ.
– ವಾಸ್ಕೋದ ಓದುಗರು

ಉತ್ತರ: ಹಿನ್ನೆಲೆಗೂ ಐಕಾನ್‌ಗೂ 3:1, ಅಕ್ಷರಕ್ಕೆ 4.5:1 ಕಾಂಟ್ರಾಸ್ಟ್ (ಎರಡು ಬಣ್ಣಗಳ ಬೆಳಕಿನ ಅಂತರದ ಅನುಪಾತ) ಕನಿಷ್ಠ. ಗೋವಾದ ಮಧ್ಯಾಹ್ನಕ್ಕೆ ಇನ್ನೂ ಗಾಢ ಬಣ್ಣ ಇರಲಿ. ಆಯ್ಕೆಯಾದ ಗುಂಡಿಯ ಬಣ್ಣ ಬದಲಿಸಿದರಷ್ಟೇ ಸಾಲದು: ಅದರ ಚಿತ್ರವನ್ನು ತುಂಬಿದ ರೂಪಕ್ಕೆ ತನ್ನಿ, ಉಳಿದವು ಗೆರೆಯಲ್ಲೇ ಇರಲಿ.