‘ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್’ ಕಾರ್ಯಕ್ರಮ ಇಷ್ಟೊಂದು ಜನರಿಗೆ ಏಕೆ ಹಿಡಿಸುತ್ತದೆ?

2010ರಲ್ಲಿ ಬಿಬಿಸಿಯಲ್ಲಿ ಆರಂಭವಾಗಿ, 2017ರಿಂದ ಚಾನೆಲ್ 4ರಲ್ಲಿ ಪ್ರಸಾರವಾಗುತ್ತಿರುವ ಕೇಕ್, ಬ್ರೆಡ್ ಮುಂತಾದವನ್ನು ಬೇಯಿಸುವ ಹವ್ಯಾಸಿಗಳ ಈ ಟಿವಿ ಸ್ಪರ್ಧೆಯಲ್ಲಿ ಗೆದ್ದವರಿಗೆ ನಗದು ಬಹುಮಾನವಿಲ್ಲ. ಅಕ್ಷರ ಕೆತ್ತಿದ ಒಂದು ಕೇಕ್ ಸ್ಟ್ಯಾಂಡ್ ಮತ್ತು ಹೂಗುಚ್ಛ ಮಾತ್ರ. ಹಾಗಾಗಿಯೇ ಇಲ್ಲಿ ಹಗೆತನಕ್ಕೆ ಎಡೆಯಿಲ್ಲವೆಂದು ನನ್ನ ಭಾವನೆ: ಒಬ್ಬರ ಕೇಕ್ ಕುಸಿಯುವಂತಾದರೆ, ತಮ್ಮ ಕೆಲಸ ಮುಗಿಸಿದ ಪಕ್ಕದ ಮೇಜಿನವರೇ ಬಂದು ಕೈಜೋಡಿಸುತ್ತಾರೆ. ನನಗೆ ಅತ್ಯಂತ ಪ್ರಿಯವಾದದ್ದು ಪ್ರತಿ ಸಂಚಿಕೆಯ ಎರಡನೆಯ ಸುತ್ತು. ಎಷ್ಟು ಶಾಖ, ಎಷ್ಟು ಹೊತ್ತು ಎಂಬುದನ್ನು ಹೇಳದೆ ‘ಬೇಯಿಸಿ’ ಎಂದಷ್ಟೇ ಬರೆದಿರಬಹುದಾದ ಪಾಕವಿಧಾನವನ್ನು ನಂಬಿಕೊಂಡು, ಸ್ಪರ್ಧಿಗಳು ಓವನ್ನಿನ ಗಾಜಿನ ಮುಂದೆ ನೆಲದ ಮೇಲೆಯೇ ಕುಳಿತು, ಹಿಟ್ಟು ಉಬ್ಬುವುದನ್ನು ಎವೆಯಿಕ್ಕದೆ ನೋಡುತ್ತಿರುತ್ತಾರೆ. ತೀರ್ಪುಗಾರರಾದರೋ ಯಾವುದು ಯಾರದ್ದೆಂದು ತಿಳಿಯದೆಯೇ ರುಚಿ ನೋಡುತ್ತಾರೆ. ಮನೆಯಲ್ಲಿ ಮೊದಲ ಬಾರಿ ಕುಕ್ಕರಿನಲ್ಲಿ ಕೇಕ್ ಇಟ್ಟು ಕಾದವರಿಗೆ ಆ ಆತಂಕ ತಮ್ಮದೇ ಎನಿಸುತ್ತದೆ.